ಪಕ್ಕದ ನಲ್ಲಿ

ಆಪರೇಷನ್ನಿಗೆ ಮುಂಚೆ ಕೈ ತೊಳೆಯುವ ತೊಟ್ಟಿಗೆ ಎರಡು ನಲ್ಲಿಗಳು. ಸರ್ಜನ್ನರು ಮನಸ್ಸು ಬಿಚ್ಚುತ್ತಿದ್ದದ್ದು ಅಲ್ಲೇ: ಮುಖಕ್ಕೆ ಮಾಸ್ಕು, ಕಣ್ಣು ಕೈಯ ಮೇಲೆ, ಮಾತು ಮುಚ್ಚಲು ನೀರಿನ ಸದ್ದು.

“ನಿನ್ನೆ ಕೈ ನಡುಗಿತು ಕಣೋ” ಎಂದು ಒಬ್ಬ ಅಂದರೆ, “ನಂಗೂ ಆಗಿದೆ, ಬಿಡು” ಎಂದು ಪಕ್ಕದವನು ಅನ್ನುತ್ತಿದ್ದ. ಅಲ್ಲಿನ ದೊಡ್ಡ ಡಾಕ್ಟರೊಬ್ಬರು ಇಷ್ಟು ವರ್ಷ ತಡೆದುಕೊಂಡದ್ದು ಆ ಒಂದು ಮಾತಿನಿಂದ.

ಅವರಿಗೆ ವಿಭಾಗದ ಮುಖ್ಯಸ್ಥರ ಹಾಳು ಕುರ್ಚಿ ಸಿಕ್ಕಿದ್ದೇ ತಡ, ತೊಟ್ಟಿಯ ಹತ್ತಿರ ಬಂದರೆ ಸಾಕು, ಪಕ್ಕದವರು “ನಂದಾಯ್ತು ಸಾರ್” ಎಂದು ಜಾಗ ಖಾಲಿ ಮಾಡತೊಡಗಿದರು.

ನಿನ್ನೆ ಆಪರೇಷನ್ನಿನಲ್ಲಿ ದೊಡ್ಡ ಡಾಕ್ಟರ ಕೈಯಲ್ಲೇ ಒಂದು ಜೀವ ಹೋಯಿತು. ಇವತ್ತು ಮೊಣಕೈಯಿಂದ ಪಕ್ಕದ ನಲ್ಲಿಯನ್ನೂ ತಿರುಗಿಸಿದರು.

“ಅದು ಯಾರಿಗೆ ಸಾರ್?” ಎಂದಳು ನರ್ಸು.

“ಇರ್ಲಿ ಬಿಡಮ್ಮಾ.”

ಅವಳು ಒಳಗೆ ಹೋದ ಮೇಲೆ, ತಲೆ ಎತ್ತದೆ, ಮೆಲ್ಲಗೆ ಅಂದರು: “ನಿನ್ನೆ ಕೈ ನಡುಗಿತು ಕಣೋ.”