ಮೊದಲು ನೀರು, ಮತ್ತೆ ಹವಳ

ಬಿಜೈಯ ಅಕ್ವೇರಿಯಂ ಅಂಗಡಿಯವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿರುವ ಬಾಟಲಿ ನೋಡುತ್ತಿದ್ದರು. "ಮೊದಲು ಟ್ಯಾಂಕಿನ ನೀರು ತನ್ನಿ, ಮತ್ತೆ ಹವಳ" ಎನ್ನುವುದು ಅವರ ಮಾತು. ನನಗಾಗಿ ಅಣಬೆಯಂಥ ಒಂದು ಮೃದು ಹವಳ ತೆಗೆದಿಟ್ಟಿದ್ದರು. ಹೊಸಬರ ಕೈಯಲ್ಲೂ ಅದು ಸಾಯುವುದಿಲ್ಲವಂತೆ. ಆದರೆ ಟ್ಯಾಂಕಿನ ನೀರಿಗೆ ಅವರ ಅಂಗಡಿಯ ಉಪ್ಪನ್ನೇ ಬೆರೆಸಬೇಕಂತೆ. ಇದೆಲ್ಲ ಉಪ್ಪಿನ ಪ್ಯಾಕೆಟ್ ಮಾರುವ ಉಪಾಯವೆಂದು ನನಗೆ ಗುಮಾನಿ. ಸಮುದ್ರ ಪಕ್ಕದಲ್ಲೇ ಇರುವಾಗ ಉಪ್ಪು ಕೊಳ್ಳುವುದೇಕೆ? ತಣ್ಣೀರುಬಾವಿಯ ಕಡಲತೀರದಿಂದ ಕ್ಯಾನ್ ತುಂಬಿಸಿ ತಂದು ಟ್ಯಾಂಕಿಗೆ ಸುರಿದೆ. ಅದರದೇ ಒಂದು ಬಾಟಲಿ ಒಯ್ದು, "ನೀವು ಹೇಳಿದ ಉಪ್ಪೇ ಹಾಕಿದ್ದು" ಎಂದೆ.

ಅವರು ಉಪ್ಪಳೆಯುವ ಮಾಪಕಕ್ಕೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರು. "ಮಳೆಗಾಲದ ಕಡಲು ಅಲ್ವಾ ಮಾರಾಯ್ರೆ? ಉಪ್ಪು ಸಾಲದು, ಇದರಲ್ಲಿ ಅರ್ಧ ನೇತ್ರಾವತಿ ಹೊಳೆಯೇ ಉಂಟು."

ಹವಳವನ್ನು ತೊಟ್ಟಿಗೆ ಮರಳಿ ಇಳಿಸಿ, ಮೊದಲ ಸಲ ನನ್ನ ಮುಖ ನೋಡಿದರು. "ಹೊಸಬರ ಕೈಯಲ್ಲಿ ಸಾಯುವುದಿಲ್ಲ ಅಂತ ಹೇಳಿದ್ದು. ಸುಳ್ಳು ಹೇಳುವವರದ್ದು ನನಗೆ ಗೊತ್ತಿಲ್ಲ."