ಬಲೂನಿನ ಕಾನೂನು, ಹೆಜ್ಜೇನಿನ ಮದುವೆ

ಇವತ್ತು ಬೆಳಿಗ್ಗೆ ಹೊಸಪೇಟೆಯ ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ತಲೆಯ ಮೇಲೆಲ್ಲೋ ಗುಂಯ್ ಎಂದಿತು. ಯೋಚಿಸುವ ಮೊದಲೇ ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡು ಮೆಟ್ಟಿಲ ಬಾಗಿಲ ಹಿಂದೆ ನಿಂತಿದ್ದೆ. ಇಣುಕಿದರೆ ಹಿಂದಿನ ಓಣಿಯ ಮದುವೆ ಮನೆಯವರ ಡ್ರೋನು. ನೀವು ನಕ್ಕರೂ ತಪ್ಪಿಲ್ಲ. ವಿಮಾನಯುದ್ಧದ ಅಂತರರಾಷ್ಟ್ರೀಯ ಕಾನೂನಿನ ಮೇಲೆ ಪ್ರಬಂಧ ಬರೆದು ಪದವಿ ಪಡೆದ ಮನುಷ್ಯ ಕೊನೆಗೆ ನೆಚ್ಚಿಕೊಂಡದ್ದು ಒಂದು ಟವೆಲನ್ನು.

ಆ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದರೆ ಮನುಕುಲದ ಹಿತ ಎಂದೇನೋ ಹೇಳುತ್ತೇನೆ. ಗ್ರಂಥಾಲಯದಲ್ಲಿ ಆ ಕಪಾಟು ಫ್ಯಾನಿನ ಕೆಳಗಿತ್ತು ಎಂಬುದೂ ಕಾರಣವಿರಬಹುದು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ದೊಡ್ಡಪ್ಪನಿಗಂತೂ ಅದು ಬಿಡಿಸಲಾಗದ ಒಗಟು. "ನಮ್ಮ ಮನಿಯಾಗ ಒಂದು ಗಾಳಿಪಟಾನೂ ಇಲ್ಲ. ಇವ ವಿಮಾನದ ಕಾನೂನು ಓದ್ಯಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಓದು ಒಮ್ಮೆ ಮಾತ್ರ ಉಪಯೋಗಕ್ಕೆ ಬಂತು, ದೊಡ್ಡಪ್ಪನ ಮಗಳು ಗಿರಿಜಾಳ ಮದುವೆಯಲ್ಲಿ. ವರ ಸಂಡೂರಿನವನು. ಅವನ ಸೋದರಮಾವ ಗಣಿಗಳಲ್ಲಿ ಡ್ರೋನು ಹಾರಿಸಿ ಅದಿರಿನ ಗುಡ್ಡೆ ಅಳೆಯುವವರು. ನಮ್ಮಲ್ಲಿ ಅಕ್ಕಿಕಾಳು ಎಸೆಯುವಾಗ ಅರ್ಧಕ್ಕರ್ಧ ಮುಂದೆ ಕುಂತವರ ಕೊರಳೊಳಗೆ ಹೋಗುತ್ತದೆ. ಇದನ್ನು ಸುಧಾರಿಸಬೇಕೆಂದು ಅವರಿಗೆ ಅನ್ನಿಸಿತು. ಡ್ರೋನಿಗೆ ಅರಿಶಿಣದ ಅಕ್ಕಿಯ ಚೀಲ ಕಟ್ಟಿ ನೇರ ವಧೂವರರ ನೆತ್ತಿಗೇ ಸುರಿಸುವುದು. ಮುಹೂರ್ತಕ್ಕೆ ಮುಂಚೆ ತಾಲೀಮು ನೋಡೋಣವೆಂದು ವರನನ್ನೇ ಛತ್ರದ ಅಂಗಳದಲ್ಲಿ ನಿಲ್ಲಿಸಿ ಹಾರಿಸಿದರು. ಛತ್ರದ ನೀರಿನ ಟಾಕಿಯ ಕೆಳಗೆ ಹೆಜ್ಜೇನು ಕಟ್ಟಿದ್ದು ಕಂಪ್ಲಿಯವರಿಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದರಿಂದಲೇ ಯಾರೂ ಬೀಗರಿಗೆ ಹೇಳಿರಲಿಲ್ಲ.

ಹೆಜ್ಜೇನು ಎದ್ದವು. ವರನ ಮುಖ ಕುಂಬಳಕಾಯಿಯಾಗಿತ್ತು ಎಂದು ನನ್ನ ನೆನಪು. ಫೋಟೋ ನೋಡಿದರೆ ಊದಿದ್ದು ಒಂದು ಕಣ್ಣು ಮತ್ತು ಮೇಲ್ದುಟಿ, ಅಷ್ಟೇ. ನನ್ನ ದಿನಚರಿಯಲ್ಲಂತೂ ಆ ತಾರೀಖಿಗೆ "ಎಣ್ಣೆಗಾಯಿ ಚೆನ್ನಾಗಿತ್ತು" ಎಂದು ಮಾತ್ರ ಇದೆ. ಆದ್ದರಿಂದ ಮುಂದಿನದನ್ನು ಸ್ವಲ್ಪ ಕೈ ಬಿಗಿಹಿಡಿದೇ ನಂಬಿ.

"ನಿಮ್ಮ ಹುಳ ನಮ್ಮ ಹುಡುಗನ್ನ ಕಡದಾವ್ರಿ. ತಪ್ಪಾತು ಅನ್ರಿ, ಇಲ್ಲಂದ್ರ ನಮ್ಮ ಗಾಡಿ ಸಂಡೂರಿಗೆ ತಿರಗತಾವ" ಎಂದರು ಸೋದರಮಾವ.

"ಹುಳ ತಮ್ಮಷ್ಟಕ್ಕ ತಾವು ಇದ್ದುವು. ದಂಡೆತ್ತಿ ಬಂದವರು ನೀವ್ರಿ" ಎಂದರು ದೊಡ್ಡಪ್ಪ.

ಹುಳಕ್ಕೆ ಹೆದರಿ ಇಬ್ಬರೂ ಒಂದೊಂದು ಜಮಖಾನ ಹೊದ್ದುಕೊಂಡೇ ಜಗಳವಾಡುತ್ತಿದ್ದರು. ಎದುರಿನವರ ಮುಖ ಕಾಣದ್ದರಿಂದ ಯಾರೂ ಸೋಲುವಂತಿರಲಿಲ್ಲ. ಕೊನೆಗೆ ದೊಡ್ಡಪ್ಪನ ಜಮಖಾನದೊಳಗಿಂದ ಒಂದು ಬೆರಳು ನನ್ನ ಕಡೆ ಬಂತು.

"ತಡೀರಿ. ಇದನ್ನ ಓದಿದಾವ ನಮ್ಮ ಮನಿಯಾಗ ಅದಾನ. ಲೇ, ಹೇಳೋ, ತಪ್ಪು ಯಾರದು?"

ನಾನು ಗಂಟಲು ಸರಿಮಾಡಿಕೊಂಡು ಮೊದಲಿಂದ ಶುರು ಮಾಡಿದೆ. ವಿಮಾನ ಹುಟ್ಟುವ ಮುಂಚೆಯೇ ದೇಶಗಳು ಸಭೆ ಸೇರಿ, ಬಲೂನಿನಿಂದ ಸಿಡಿಗುಂಡು ಹಾಕಬಾರದೆಂದು ಒಪ್ಪಿದ್ದವು. ಅದೂ ಐದು ವರ್ಷದ ಮಟ್ಟಿಗೆ. ಮೊದಲ ಮಹಾಯುದ್ಧದ ನಂತರ ಪಂಡಿತರು ಕುಳಿತು, ಎಲ್ಲಿ ಬಾಂಬು ಹಾಕಬಹುದು, ಎಲ್ಲಿ ಹಾಕಬಾರದು ಎಂದು ಚೊಕ್ಕವಾಗಿ ನಿಯಮ ಬರೆದರು. ಅದು ಒಪ್ಪಂದವಾಗಲೇ ಇಲ್ಲ. ಅಡಿಗೆಯವರೂ ಸೌಟು ಹಿಡಿದು ಬಂದು ಕೇಳುತ್ತಿದ್ದರು.

"ಅಂದ್ರ ತಪ್ಪು ಯಾರದು?" ಎಂದರು ಸೋದರಮಾವ.

"ಅದಿನ್ನೂ ತೀರ್ಮಾನ ಆಗಿಲ್ರಿ."

ಬಾಸಿಂಗ ಕಟ್ಟಿಕೊಂಡ ಗಿರಿಜಾ ಕೋಣೆಯ ಕಿಟಕಿಯಲ್ಲಿ ನಿಂತಿದ್ದಳು. "ಅಣ್ಣಾ, ಐದು ವರ್ಷ ಮುಗದ ಮ್ಯಾಲೆ?"

"ಮುಂದ ಗುಂಡು ಹಾಕೇ ಹಾಕಿದ್ರವ್ವಾ."

"ಐದು ವರ್ಷಾದ್ರೂ ಸುಮ್ಮನಿದ್ರಲ್ಲ! ನಂಗ ಅರ್ಧ ತಾಸು ಸಾಕು. ಅಕ್ಕಿಕಾಳು ಬೀಳೂತನಕ ಇಬ್ರೂ ಬಾಯಿ ಮುಚ್ರಿ. ಆಮ್ಯಾಲೆ ಬೇಕಾದಷ್ಟು ಬಡದಾಡ್ರಿ."

ಎರಡು ಜಮಖಾನಗಳೂ ಅಲುಗಾಡಿದವು. ಅದನ್ನೇ ಒಪ್ಪಿಗೆ ಎಂದು ತಿಳಿದೆವು. ಡ್ರೋನು ಡಬ್ಬಿ ಸೇರಿತು, ಮಂಟಪ ಒಳಗಿನ ಹಾಲಿಗೆ ಬಂತು, ವರ ಒಂದೇ ಕಣ್ಣಿನಿಂದ ಗುರಿ ಹಿಡಿದು ತಾಳಿ ಕಟ್ಟಿದ. ಅಕ್ಕಿಕಾಳು ಎಂದಿನಂತೆ ಮುಂದಿನವರ ಕೊರಳೊಳಗೆ ಬಿದ್ದವು.

ಊಟದ ಎಲೆ ಎತ್ತಿದ ಕೂಡಲೇ ದೊಡ್ಡಪ್ಪ ತೋಳೇರಿಸಿದರು. "ಹಾಂ, ಬೀಗರ, ಹುಳದ ಮಾತಿಗೆ ಬರೂಣು." ಗಿರಿಜಾ ನನ್ನ ಅಂಗಿ ಜಗ್ಗಿ, ಆ ದೇಶಗಳವರು ಮತ್ತೆ ಸಭೆ ಸೇರಲೇ ಇಲ್ಲವೇ ಎಂದು ಕೇಳಿದಳು. ಎರಡನೆಯ ಸಲ ಸೇರಿ, ಮೂರನೆಯ ಸಭೆ ಮುಗಿಯುವ ತನಕ ನಿಷೇಧ ಎಂದು ಬರೆದರು, ಆ ಸಭೆ ಇವತ್ತಿಗೂ ಸೇರಿಲ್ಲ ಎಂದೆ.

"ಹಂಗಾದ್ರ ಇನ್ನೂ ನಡೀತೈತಿ?"

"ಕಾಗದದ ಮ್ಯಾಲೆ."

"ಅಷ್ಟಿದ್ರ ಸಾಕು." ಅವಳು ಹಿರಿಯರ ಕಡೆ ತಿರುಗಿದಳು. "ಎರಡೂ ಮನಿಯವರು ಒಂದಿನ ಕುಂತು ಇತ್ಯರ್ಥ ಮಾಡ್ರಿ. ಅಲ್ಲೀತನಕ ಹುಳದ ಸುದ್ದಿ ಯಾರೂ ತಗಿಯಂಗಿಲ್ಲ."

ಆ ಕೂಟ ಇನ್ನೂ ಕೂಡಿಲ್ಲ. ಒಮ್ಮೆ ಭತ್ತದ ಕೊಯ್ಲು, ಒಮ್ಮೆ ಅವಳ ಅತ್ತೆಗೆ ಜ್ವರ, ಏನೋ ಒಂದು ಅಡ್ಡ ಬರುತ್ತದೆ. ದೊಡ್ಡಪ್ಪ, ಸೋದರಮಾವ ಇಬ್ಬರೂ ವಾದ ಕಟ್ಟಿಕೊಂಡು ಕಾಯುತ್ತಿದ್ದಾರೆ. ಗಿರಿಜಾಳ ಮಗನ ಜವಳದ ಕೂದಲು ತೆಗೆಸಲು ಹಂಪಿಗೆ ಹೋದಾಗ ಒಂದೇ ಕಲ್ಲುಕಟ್ಟೆಯ ಮೇಲೆ ಕುಂತು, ಒಂದೇ ಪುಡಿಕೆಯ ಮಂಡಕ್ಕಿ ತಿನ್ನುತ್ತ, "ಯಾವಾಗ ಕೂಡೂಣ್ರಿ?" "ನೀವು ಹೇಳ್ದಾಗ್ರಿ" ಎಂದುಕೊಂಡರು.

ಟಿವಿಯಲ್ಲಿ ಆಕಾಶದಿಂದ ಬೆಂಕಿ ಬಿದ್ದ ಊರುಗಳನ್ನು ತೋರಿಸುವಾಗ, ನಾನು ಓದಿದ್ದೆಲ್ಲ ಈ ಟವೆಲಿಗಿಂತ ತೆಳು ಎನ್ನಿಸಿ ಎದ್ದು ಹೋಗುತ್ತೇನೆ. ಇವತ್ತು ಬಾಗಿಲ ಹಿಂದೆ ನಿಂತು ಗಿರಿಜಾಳಿಗೆ ಫೋನು ಹಚ್ಚಿದೆ.

"ದೊಡ್ಡಪ್ಪ ಮತ್ತ ಕೇಳಾಕ ಹತ್ಯಾರ. ಕೂಟ ಯಾವಾಗ ಅಂತ."

"ಈ ವರ್ಷ ಪುರಸೊತ್ತಿಲ್ಲಂತ ಹೇಳಣ್ಣಾ."

ಹೊರಗೆ ಬಂದೆ. ಡ್ರೋನು ಇನ್ನೂ ಗುಂಯ್ಗುಡುತ್ತಿತ್ತು. ಮೊದಲು ನಮ್ಮ ನೀರಿನ ಟಾಕಿಯ ಕೆಳಗೆ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ತಲೆಯ ಮೇಲಿನ ಟವೆಲನ್ನು ಸರಿಸಿದೆ. ಪೂರ್ತಿ ಅಲ್ಲ, ಕಿವಿಯ ತನಕ.