ಡಿಕ್ಕಿಯಲ್ಲಿ ಇಲ್ಲದ ಗಾಲಿ

ಮಹಾದೇವ, ಎಂಟು ವರ್ಷದ ಹಿಂದೆ ನಿನ್ನ ಅವ್ವನನ್ನು ಮಿರಜಿನ ದವಾಖಾನೆಗೆ ಒಯ್ದ ದಿನ ನನ್ನ ಕಾರಿನಲ್ಲಿ ಸ್ಟೆಪ್ನಿ ಇರಲಿಲ್ಲ. ಕುಡಚಿಯಲ್ಲಿ ಅದನ್ನು ಯಾರೂ ಕದಿಯಲಿಲ್ಲ. ಆ ಗಾಲಿ ನಮ್ಮ ಮನೆಯ ಜೋಳದ ಚೀಲಗಳ ಹಿಂದೆ ಇತ್ತು — ಈಗಲೂ ಅಲ್ಲೇ ಇದೆ.

ಉಳಿದದ್ದನ್ನೂ ಬರೆದೇ ಬಿಡುತ್ತೇನೆ. ನಿಲ್ಲಿಸಿದರೆ ಮತ್ತೆ ಮನಸ್ಸು ಹಿಂದೆ ಸರಿಯುತ್ತದೆ.

ಆ ಹಳೆಯ ಕಾರಿನಲ್ಲಿ ಅಲಖನೂರದಿಂದ ಚಿಕ್ಕೋಡಿಯ ಕಚೇರಿಗೆ ದಿನವೂ ಹೋಗಿ ಬರುತ್ತಿದ್ದೆನಲ್ಲ, ಲೀಟರಿಗೆ ಎಷ್ಟು ಆವರೇಜ್ ಬರುತ್ತದೆ ಎಂಬುದೊಂದೇ ನನಗೆ ಹುಚ್ಚು. ಕಾರ್ಬುರೇಟರಿಗೆ ಪೆಟ್ರೋಲ್ ಕಡಿಮೆ ಬಿಡುವ ಸಣ್ಣ ಜೆಟ್ ಹಾಕಿಸಿದೆ. ಮೇಲಿನ ಕ್ಯಾರಿಯರ್ ಬಿಚ್ಚಿಸಿದೆ. ಭಾರ ಇಳಿದಷ್ಟೂ ಪೆಟ್ರೋಲ್ ಉಳಿಯುತ್ತದೆ ಎಂದು ಸ್ಟೆಪ್ನಿಯನ್ನೂ ಮನೆಯೊಳಗೆ ಬಚ್ಚಿಟ್ಟೆ. ಗಾಲಿಗಳು ಹಗುರಾಗಿ ಉರುಳಲಿ ಎಂದು ಕಂಪನಿ ಹೇಳಿದ್ದಕ್ಕಿಂತ ಬಿಗಿಯಾಗಿ ಗಾಳಿ ತುಂಬಿಸಿದೆ. ಊರಿಗೆ ಇದನ್ನು ಹೇಳಿದೆನೇ? ಇಲ್ಲ. ಚಹಾದಂಗಡಿಯಲ್ಲಿ ಕೂತು, "ಗಾಡಿದೇನಿಲ್ಲೋ, ಕಾಲಾಗ ಹದಾ ಇರಬೇಕ" ಎಂದು ಕೊಚ್ಚಿಕೊಂಡೆ. 'ಆವರೇಜ್ ಕಾಕಾ' ಎಂದು ನೀವೆಲ್ಲ ಚೇಷ್ಟೆ ಮಾಡಿದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಆ ಮಧ್ಯಾಹ್ನ ನಾನು ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದೆ. ನೀನು ಓಡಿ ಬಂದೆ. ಅವ್ವನ ಬಾಯಿ ವಾರೆಯಾಗಿತ್ತು, ಬಲಗೈ ಜೋತು ಬಿದ್ದಿತ್ತು. ಓಣಿಯ ಮಂದಿ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸುವಾಗ ನಾನು ನಿನಗೆ ಕೀಲಿ ಕೊಟ್ಟೆ. ನೀನು ಒಂದೇ ಮಾತು ಕೇಳಿದೆ.

"ಕಾಕಾ, ಸ್ಟೆಪ್ನಿ ಐತಿಲ್ರಿ?"

ಚಹಾದಂಗಡಿಯ ಮಂದಿಯೆಲ್ಲ ಸುತ್ತ ನಿಂತಿದ್ದರು. ಚೀಲ ಸರಿಸಿ ಗಾಲಿ ತರಲು ಎರಡು ನಿಮಿಷ ಸಾಕಿತ್ತು. ತಂದಿದ್ದರೆ ನನ್ನ ಕಾಲಿನ ಹದದ ಬಣ್ಣ ಬಯಲಾಗುತ್ತಿತ್ತು —

"ಐತಿ. ನೀ ನಡಿ ಮೊದಲ."

ಗಡಿಬಿಡಿಯಲ್ಲಿ ಬಾಯಿತಪ್ಪಿ ಬಂದದ್ದಲ್ಲ. ನಿನ್ನ ಮುಖ ನೋಡಿ, ಯೋಚಿಸಿ ಹೇಳಿದ್ದು.

ಉಗಾರ ದಾಟಿ, ಕಾಗವಾಡ ಬರುವ ಮೊದಲೇ ಹಿಂದಿನ ಗಾಲಿ ಒಡೆಯಿತು. ಆ ಬಿಸಿಲು, ಅಷ್ಟು ಬಿಗಿ ಗಾಳಿ — ಒಡೆಯದೆ ಇನ್ನೇನು. ನೀನು ಡಿಕ್ಕಿ ತೆರೆದ ಗಳಿಗೆಯನ್ನು ನಾನು ನೋಡಿಲ್ಲ, ಆದರೆ ಎಷ್ಟು ಸಲ ನೋಡಿದ್ದೇನೋ. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋದವು. ತಾಸಿನ ಮೇಲೆ ಒಂದು ಟೆಂಪೋ ನಿಂತಿತು. ದವಾಖಾನೆಯಲ್ಲಿ, ಬರುವುದು ತಡವಾಯಿತು ಎಂದರು. ಅವ್ವ ಉಳಿದಳು. ಮಾತು ಮರಳಲಿಲ್ಲ.

ವಾರದ ಮೇಲೆ ಹೊಸ ಗಾಲಿ ಹಿಡಿದುಕೊಂಡು ನೀನೇ ನಮ್ಮ ಕಟ್ಟೆಗೆ ಬಂದು ತಲೆ ತಗ್ಗಿಸಿ ನಿಂತೆ.

"ತಪ್ಪ ನಂದೈತ್ರಿ ಕಾಕಾ. ಕುಡಚಿಯಾಗ ಅವ್ವಗ ನೀರ ತರಾಕ ಇಳದಾಗ ಡಿಕ್ಕಿ ಕೀಲಿ ನೋಡಲಿಲ್ಲ. ಯಾರೋ ಸ್ಟೆಪ್ನಿ ತಗೊಂಡ ಹೋಗ್ಯಾರ."

ಆಗಲಾದರೂ ನಾನು — ಇಲ್ಲ. "ಹೋಗ್ಲಿ ಬಿಡೋ" ಎಂದೆ, ದೊಡ್ಡ ಮನಸ್ಸಿನವನ ಹಾಗೆ. ಆ ಗಾಲಿಯನ್ನೂ ಇಸಿದುಕೊಂಡೆ. ನನ್ನ ಹೆಂಡತಿ ಶಾಂತಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅಂದಿನಿಂದ ಅವಳು ಆ ಕಾರು ಹತ್ತಿಲ್ಲ.

ನೀನು ಬೆಳಿಗ್ಗೆ ಅವ್ವನಿಗೆ ಗಂಜಿ ಕುಡಿಸುವುದು ನಮ್ಮ ಕಿಟಕಿಯಿಂದ ಕಾಣುತ್ತದೆ. ಮೊನ್ನೆ ನಿನ್ನ ಮಗಳು, ಅಜ್ಜಿ ಯಾಕೆ ಮಾತಾಡುವುದಿಲ್ಲ ಎಂದು ಕೇಳಿದಳು. "ನಾ ಕೀಲಿ ಹಾಕೂದ ಮರತ್ನಿ, ಅದಕ" ಎಂದೆ ನೀನು. ನನ್ನ ಸುಳ್ಳು ಆ ಮಗುವಿಗೂ ದಾಟಿತು. ಅದಕ್ಕೇ ಈ ಕಾಗದ ಬರೆಯಲು ಕೂತೆ.

ಸ್ಟೆಪ್ನಿ ಇದ್ದಿದ್ದರೆ ಅವ್ವ ಮಾತಾಡುತ್ತಿದ್ದಳೇ — ಗೊತ್ತಿಲ್ಲ. ಆ ಗೊತ್ತಿಲ್ಲ ಎಂಬುದರ ಹಿಂದೆ ಇಷ್ಟು ವರ್ಷ ಅಡಗಿ ಕೂತಿದ್ದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಇಂದು ಚೀಲ ಸರಿಸಿದೆ. ನಾಳೆ ಬೆಳಿಗ್ಗೆ ಗಂಜಿಯ ಹೊತ್ತಿಗೆ ಆ ಹಳೆಯ ಗಾಲಿಯನ್ನು ಉರುಳಿಸಿಕೊಂಡು ನಿನ್ನ ಅಂಗಳಕ್ಕೆ ಬರುತ್ತೇನೆ — ಹಿತ್ತಲಿನಿಂದಲ್ಲ, ಚಹಾದಂಗಡಿಯ ಮುಂದೆ ಹಾಯ್ದು. ಈ ಕಾಗದವನ್ನು ಕೈಗೆ ಕೊಟ್ಟು ತಿರುಗಿ ಬರುವುದಿಲ್ಲ. ನಿನ್ನ ಮಗಳನ್ನೂ ಕೂರಿಸಿಕೊಂಡು, ಅವ್ವನ ಎದುರಿಗೆ ನಾನೇ ಓದುತ್ತೇನೆ. ಅವಳು ಮಾತಾಡಲಾರಳು. ಆದರೆ ಅವಳಿಗೆ ಎಲ್ಲವೂ ಕೇಳಿಸುತ್ತದೆ.